ನಾಯಿಯ ಮೈ ಮೇಲಿನ ಕೀವುಗುಳ್ಳೆ ಮತ್ತೆ ಮತ್ತೆ ಯಾಕೆ ಬರುತ್ತೆ?

ಕಳೆದ ವರ್ಷ ಜುಲೈನಲ್ಲಿ, ಪುಣೆಯ ಮಳೆ ಜೋರಾಗಿದ್ದಾಗ, ನಮ್ಮ ನಾಯಿ ಗುಂಡನ ಹೊಟ್ಟೆ ಮೇಲೆ ಸಣ್ಣ ಸಣ್ಣ ಕೀವುಗುಳ್ಳೆ ಎದ್ದವು. ಅವು ಒಡೆದು, ಅಂಚಲ್ಲಿ ಹೊಟ್ಟು ಎದ್ದಿರೋ ದುಂಡು ಕಲೆಗಳಾದವು. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, "ಹುಳುಕಡ್ಡಿ ಇರ್ಬೇಕು ಕಣೋ" ಅಂದ್ರು. ನಾನು ಮನೇಲಿದ್ದ ಮುಲಾಮು ಹಚ್ಚಿದೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಕೆಂಪು ಕಮ್ಮಿ ಆಯ್ತು, ಸೋಂಕು ಹರಡಿತು.

ಅದು ಹುಳುಕಡ್ಡಿ ಅಲ್ಲ, ಪಯೋಡರ್ಮಾ. ಅಂದ್ರೆ ಚರ್ಮಕ್ಕೆ ಬ್ಯಾಕ್ಟೀರಿಯಾ ಸೋಂಕು. ನಾಯಿಗಳಲ್ಲಿ ಹೆಚ್ಚಾಗಿ ಇದನ್ನು ಮಾಡೋದು ಸ್ಟ್ಯಾಫಿಲೋಕಾಕಸ್ ಸೂಡಿಂಟರ್ಮೀಡಿಯಸ್. 2005ರಲ್ಲಿ ಇದನ್ನು ಪ್ರತ್ಯೇಕ ಪ್ರಭೇದ ಅಂತ ವಿವರಿಸಿದರು. ಇದು ಹೊರಗಿಂದ ಬಂದ ಶತ್ರು ಅಲ್ಲ. ಆರೋಗ್ಯವಾಗಿರೋ ನಾಯಿಯ ಮೂಗು, ಬಾಯಿ ಸುತ್ತಲೂ ತೆಪ್ಪಗೆ ಇರುತ್ತೆ. ಚಿಗಟ, ನುಸಿ, ಅಲರ್ಜಿ ಅಥವಾ ಥೈರಾಯ್ಡ್ ತೊಂದರೆಯಿಂದ ಚರ್ಮದ ಕಾವಲು ಸಡಿಲ ಆದಾಗ ಒಳಗೆ ನುಗ್ಗುತ್ತೆ.

ನಾನು ಮಾಡಿದ ದೊಡ್ಡ ತಪ್ಪು ಇಲ್ಲೇ. ಡಾಕ್ಟರು ಆಂಟಿಬಯೋಟಿಕ್ ಕೊಟ್ಟರು. ಗುಳ್ಳೆ ಒಣಗಿತು ಅಂತ ನಾಲ್ಕನೇ ದಿನಕ್ಕೆ ನಾನೇ ನಿಲ್ಲಿಸಿದೆ. ತಿಂಗಳಲ್ಲಿ ವಾಪಸ್ ಬಂತು. ಅದೇ ಮಾತ್ರೆ ಅಂಗಡಿಯಿಂದ ತಂದು ಹಾಕಿದೆ. ಮೂರನೇ ಸಲ ಮಾತ್ರೆ ನಾಟಲೇ ಇಲ್ಲ. ಮೆಮೊರಿ ಲೀಕ್ ಹುಡುಕದೆ ದಿನಾ ಸರ್ವರ್ ರೀಸ್ಟಾರ್ಟ್ ಮಾಡೋರನ್ನು ಆಫೀಸಲ್ಲಿ ಬೈತೀನಿ. ಮನೇಲಿ ನಾನೂ ಅದನ್ನೇ ಮಾಡಿದ್ದೆ.

ಕೀವನ್ನು ಲ್ಯಾಬ್‌ಗೆ ಕಳಿಸಿ ಕಲ್ಚರ್ ಮಾಡಿಸಿದಾಗ ಮೆಥಿಸಿಲಿನ್ ನಿರೋಧಕ ತಳಿ ಅಂತ ಗೊತ್ತಾಯ್ತು. ಇಂಥ ತಳಿಗೆ ಸೆಫಲೆಕ್ಸಿನ್, ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎರಡೂ ಕೆಲಸಕ್ಕೆ ಬರಲ್ಲ. ಪ್ರತಿ ಸಲ ಆಂಟಿಬಯೋಟಿಕ್ ಹಾಕಿದಾಗಲೂ ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾ ಉಳಿದು ಬೆಳೆಯುತ್ತೆ. ಆ ಔಷಧಿಗಳು ನಮಗೂ ಬೇಕಾದವೇ ಅಲ್ವಾ?

ಕೊನೆಗೆ ಮೂಲ ಸಿಕ್ಕಿದ್ದು ಬಾಲದ ಬುಡದಲ್ಲಿ. ಅಲ್ಲಿ ಕರಿ ಪುಡಿ ಇತ್ತು. ಒದ್ದೆ ಟಿಶ್ಯೂ ಮೇಲೆ ಉದುರಿಸಿದರೆ ಕೆಂಪು-ಕಂದು ಬಣ್ಣ ಬಿಟ್ಟಿತು. ಅದು ಚಿಗಟದ ಹಿಕ್ಕೆ, ಅಂದ್ರೆ ಜೀರ್ಣವಾದ ರಕ್ತ. ಗುಂಡನಿಗೆ ಚಿಗಟದ ಜೊಲ್ಲಿಗೆ ಅಲರ್ಜಿ! ಚಿಗಟದ ಔಷಧಿ ತಪ್ಪದೆ ಹಾಕಿ, ಅವನ ಹಾಸಿಗೆಯನ್ನು ಬಿಸಿನೀರಲ್ಲಿ ಒಗೆದು, ಡಾಕ್ಟರು ಹೇಳಿದ ಕ್ಲೋರ್‌ಹೆಕ್ಸಿಡಿನ್ ಶಾಂಪೂವಿನಿಂದ ವಾರಕ್ಕೆ ಎರಡು ಸಲ ಸ್ನಾನ ಮಾಡಿಸಿದೆ. ನೊರೆ 10 ನಿಮಿಷ ಮೈ ಮೇಲೆ ಇರಬೇಕು, ಆಮೇಲೆ ತೊಳೆದು ಚೆನ್ನಾಗಿ ಒರೆಸಬೇಕು. ಮೇಲ್ಮೈ ಸೋಂಕು ಎಷ್ಟೋ ಸಲ ಇಷ್ಟರಲ್ಲೇ ವಾಸಿಯಾಗುತ್ತೆ. ಗುಂಡನಿಗೂ ಹಾಗೇ ಆಯ್ತು.

ನಿಮ್ಮ ನಾಯಿಗೂ ಗುಳ್ಳೆ ಎದ್ದರೆ ಡಾಕ್ಟರ ಹತ್ರ ಎರಡು ಪ್ರಶ್ನೆ ಕೇಳಿ: "ಸ್ಲೈಡ್ ಮೇಲೆ ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡ್ತೀರಾ?" "ಇದರ ಹಿಂದಿರೋ ಕಾರಣ ಏನು?" ಮತ್ತೆ ಮರುಕಳಿಸಿದರೆ ಕಲ್ಚರ್ ಮಾಡಿಸಿ. ಹಳೇ ಚೀಟಿ ಹಿಡಿದು ನನ್ನ ಥರ ಮೆಡಿಕಲ್ ಶಾಪ್‌ಗೆ ಮಾತ್ರ ಹೋಗಬೇಡಿ.

ಈ ಮಳೆಗಾಲ ಗುಂಡ ಆರಾಮಾಗಿದ್ದಾನೆ.