ಹಿಮವೆಂಬ ಡೆಪಾಸಿಟ್

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಗೆ ‘ಚಿಲ್ಲಾಯ್ ಕಲಾನ್’ ಎನ್ನುತ್ತಾರೆ. ನಮ್ಮ ಉರ್ದುವಿನಲ್ಲೂ ‘ಚಿಲ್ಲಾ’ ಎಂದರೆ ನಲವತ್ತು ದಿನ. ಆಗ ಗುಲ್ಮಾರ್ಗ್‌ನಲ್ಲಿ ಹಿಮ ನೋಡಲು, ಅದರ ಮೇಲೆ ಜಾರಿ ಆಡಲು ಪ್ರವಾಸಿಗರು ಬರುತ್ತಾರೆ. ಹಿಮದ ಹರಳುಗಳು ಬೆಳಕನ್ನು ಎಲ್ಲ ಕಡೆಗೂ ಚದುರಿಸುವುದರಿಂದ ಬೆಟ್ಟವೆಲ್ಲ ಬೆಳ್ಳಗೆ ಹೊಳೆಯುತ್ತದೆ.

ಆದರೆ ಅಲ್ಲಿನ ರೈತರಿಗೆ ಹಿಮ ಬರೀ ಚೆಲುವಲ್ಲ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಅದು ಫಿಕ್ಸೆಡ್ ಡೆಪಾಸಿಟ್. ಈ ಚಳಿಯಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಉಳಿದು, ಬೇಸಿಗೆಯಲ್ಲಿ ನಿಧಾನವಾಗಿ ಕರಗಿ ಝೇಲಂ ನದಿಗೆ, ಭತ್ತದ ಗದ್ದೆಗೆ, ಸೇಬಿನ ತೋಟಕ್ಕೆ ನೀರಾಗುತ್ತದೆ. ತಡವಾಗಿ ಬಿದ್ದದ್ದು ಬೇಗ ಕರಗಿಹೋಗುತ್ತದೆ.

2024ರ ಜನವರಿಯಲ್ಲಿ ಬಹಳ ದಿನ ಗುಲ್ಮಾರ್ಗ್‌ನಲ್ಲಿ ಹಿಮವೇ ಇರಲಿಲ್ಲ. ಪ್ರವಾಸಿಗರು ಬುಕಿಂಗ್ ರದ್ದು ಮಾಡಿದರು. ರೈತರಿಗೆ ಬೇಸಿಗೆಯ ನೀರಿನ ಚಿಂತೆಯಾಯಿತು. ಹಿಮಕ್ಕಾಗಿ ಕಣಿವೆಯಲ್ಲಿ ವಿಶೇಷ ನಮಾಜ್ ನಡೆಯಿತು. ತಿಂಗಳ ಕೊನೆಗೆ ಹಿಮ ಬಿತ್ತು.