ಮೂಗಿನಿಂದ ಕೂಗಿ, ಕಿವಿಯಿಂದ ನೋಡುವವರು

ಈ ಸಲ ನಿಮ್ಮನ್ನು ನಮ್ಮ ಮನೆಯ ಹಿತ್ತಲಿಗೆ ಕರೆದುಕೊಂಡು ಹೋಗುತ್ತೇನೆ. ನಾವಿರುವುದು ಕೌಂಟಿ ಕ್ಲೇರ್‌ನ ಎನ್ನಿಸ್ ಊರಿನ ಅಂಚಿನಲ್ಲಿ. ಹಿತ್ತಲಿಗೆ ಹಾಥಾರ್ನ್ ಗಿಡಗಳ ಬೇಲಿ, ಅದರಾಚೆ ಹಸುಗಳು ಮೇಯುವ ಹುಲ್ಲುಗಾವಲು. ನನ್ನ ಟ್ರಾನ್ಸಿಷನ್ ಇಯರ್ ಪ್ರಾಜೆಕ್ಟ್‌ಗೆ ಬಯಾಲಜಿ ಟೀಚರ್ ಒಂದು ಬ್ಯಾಟ್ ಡಿಟೆಕ್ಟರ್ ಕೊಟ್ಟಿದ್ದರು. ಅಂಗೈಯಷ್ಟು ಡಬ್ಬಿ, ಅದಕ್ಕೊಂದು ತಿರುಗಿಸುವ ಗುಂಡಿ. ಬಾವಲಿಯ ಕೂಗನ್ನು ನಮ್ಮ ಕಿವಿಗೆ ಕೇಳುವ ಮಟ್ಟಕ್ಕೆ ಇಳಿಸಿ ಕೊಡುತ್ತದೆ.

ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ. ಗುಂಡಿಯನ್ನು 25ಕ್ಕೆ ತಿರುಗಿಸಿದರೆ ಲೈಸ್ಲರ್ ಬಾವಲಿ ‘ಚಿಪ್ ಚಾಪ್’ ಎನ್ನುತ್ತದೆ. ಐರ್ಲೆಂಡ್‌ನ ಬಾವಲಿಗಳಲ್ಲಿ ಅದೇ ದೊಡ್ಡದು, ಬಯಲಲ್ಲಿ ಎತ್ತರಕ್ಕೆ ಹಾರುತ್ತದೆ. ಗುಂಡಿಯನ್ನು 110ಕ್ಕೆ ತಂದು ಬೇಲಿಯ ಪಕ್ಕದಲ್ಲೇ ನಿಂತರೆ ಮಾತ್ರ ಇನ್ನೊಂದು ಸದ್ದು: ಯಾರೋ ನೀರೊಳಗೆ ಸಿಳ್ಳೆ ಹಾಕಿದ ಹಾಗೆ. ಅದು ಲೆಸರ್ ಹಾರ್ಸ್‌ಶೂ ಬ್ಯಾಟ್. ನಾನದನ್ನು ಲಾಳಮೂಗಿನ ಬಾವಲಿ ಎಂದು ಕರೆಯುತ್ತೇನೆ. ತೂಕ 10 ಗ್ರಾಂ ಕೂಡ ಇಲ್ಲ. ಈ ದೇಶದಲ್ಲಿ ಅದು ಇರುವುದು ಪಶ್ಚಿಮದ ಆರು ಕೌಂಟಿಗಳಲ್ಲಿ ಮಾತ್ರ: ಮೇಯೋ, ಗಾಲ್ವೇ, ಕ್ಲೇರ್, ಲಿಮರಿಕ್, ಕೆರ್ರಿ, ಕಾರ್ಕ್.

ಇದು ಕೂಗುವುದು ಬಾಯಿಂದಲ್ಲ, ಮೂಗಿನಿಂದ! ಲಾಳದ ಆಕಾರದ ಚರ್ಮ ಸದ್ದನ್ನು ಟಾರ್ಚ್ ಬೆಳಕಿನಂತೆ ಮುಂದಕ್ಕೆ ಬಿಡುತ್ತದೆ. (ನಮ್ಮ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಇದರ ದೂರದ ನೆಂಟ, ಎಲೆಮೂಗಿನ ಬಾವಲಿ ಇದೆ. ಅಳಿವಿನ ಅಂಚಿನಲ್ಲಿದೆ. ಊರು ಕೋಲಾರವಾದರೂ ನಮ್ಮಜ್ಜಿಗೆ ಇದು ಗೊತ್ತಿರಲಿಲ್ಲ.)

ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ಕೀರಲಾಗಿ ಕೇಳುತ್ತದಲ್ಲ? ಹಾಗೆಯೇ ಬಾವಲಿ ಮುಂದೆ ಹಾರುತ್ತಿರುವಾಗ ಅದರ ಕೂಗಿನ ಪ್ರತಿಧ್ವನಿಯೂ ಕೀರಲಾಗಿ ಹಿಂದಿರುಗುತ್ತದೆ. ಆದರೆ ಲಾಳಮೂಗಿನ ಬಾವಲಿಗಳ ಒಳಗಿವಿ ಒಂದು ಕಿರಿದಾದ ಕಂಪನಾಂಕಕ್ಕೆ ಮಾತ್ರ ತುಂಬಾ ಚುರುಕು. ಅದಕ್ಕೆ ಅವು ಏನು ಮಾಡುತ್ತವೆ ಗೊತ್ತಾ? ಹಾರುತ್ತಲೇ ತಮ್ಮ ಕೂಗನ್ನು ಸ್ವಲ್ಪ ತಗ್ಗಿಸುತ್ತವೆ. ಆಗ ಪ್ರತಿಧ್ವನಿ ಸರಿಯಾಗಿ ಆ ಕಂಪನಾಂಕದಲ್ಲೇ ಬಂದು ಬೀಳುತ್ತದೆ. ಎಲೆ ಸುಮ್ಮನಿರುತ್ತದೆ, ಪತಂಗ ರೆಕ್ಕೆ ಬಡಿಯುತ್ತದೆ. ಆ ಬಡಿತಕ್ಕೆ ಪ್ರತಿಧ್ವನಿ ನಡುಗಿದರೆ ಊಟ ಸಿಕ್ಕಿತು ಎಂದೇ ಅರ್ಥ. ಲೆಕ್ಕದ ಪೀರಿಯಡ್‌ನಲ್ಲಿ ಡಾಪ್ಲರ್ ಸೂತ್ರ ಬರೆಯುವಾಗ ನನಗೆ ಈಗ ಹೊಟ್ಟೆಕಿಚ್ಚಾಗುತ್ತದೆ.

ಇಷ್ಟು ಕೀರಲು ಸದ್ದಿಗೆ ಒಂದು ತೊಂದರೆಯಿದೆ. ಗಾಳಿ ಅದನ್ನು ಬೇಗ ನುಂಗಿಬಿಡುತ್ತದೆ, ಕೆಲವೇ ಮೀಟರ್‌ಗಳಲ್ಲಿ ಅದು ಮುಗಿಯುತ್ತದೆ. ಬಯಲಿನ ನಡುವೆ ಹಾರಿದರೆ ಪ್ರತಿಧ್ವನಿ ಕೊಡಲು ಏನೂ ಇರುವುದಿಲ್ಲ. ಆದ್ದರಿಂದ ಗೋಡೆ ಹಿಡಿದು ನಡೆಯುವವರಂತೆ ಇದು ಬೇಲಿ ಹಿಡಿದೇ ಹೋಗುತ್ತದೆ. ಬೇಲಿ ತುಂಡಾದರೆ ದಾರಿಯೂ ತುಂಡಾಗುತ್ತದೆ. ಮತ್ತೆ ಈ ಬಾವಲಿ ಬೆಳಕು ಬಿದ್ದ ಬೇಲಿಯ ಹತ್ತಿರ ಸುಳಿಯಲು ಹಿಂಜರಿಯುತ್ತದೆ.

ಇಲ್ಲೇ ನನಗೂ ಅಪ್ಪನಿಗೂ ಜಗಳ ಶುರುವಾದದ್ದು. ಚಳಿಗಾಲದಲ್ಲಿ ಅಮ್ಮ ಕತ್ತಲಲ್ಲಿ ಬಿನ್ ಇಡಲು ಹೋಗಿ ಮೆಟ್ಟಿಲಲ್ಲಿ ಜಾರಿ ಮೊಣಕೈ ಮುರಿದುಕೊಂಡಿದ್ದರು. ಆಮೇಲೆ ಅಪ್ಪ ಹಿತ್ತಲಿಗೆ ದೊಡ್ಡ ಎಲ್‌ಇಡಿ ದೀಪ ಹಾಕಿಸಿದರು. ಅದರ ಬೆಳಕು ನೇರವಾಗಿ ಬೇಲಿಗೆ ಬೀಳುತ್ತಿತ್ತು. ಮೇ ತಿಂಗಳಲ್ಲಿ ಸತತ ಆರು ರಾತ್ರಿ ಡಿಟೆಕ್ಟರ್ ಹಿಡಿದು ನಿಂತೆ. ಬೇಲಿಯ ಕತ್ತಲ ತುದಿಯಲ್ಲಿ ಸಿಳ್ಳೆ ಕೇಳಿತು, ನಮ್ಮ ದೀಪದ ಹತ್ತಿರ ಒಮ್ಮೆಯೂ ಇಲ್ಲ.

“ಅಪ್ಪಾ, ದೀಪ ತೆಗೆಸೋಣ್ವಾ?”

“ಅಮ್ಮ ಮತ್ತೆ ಬಿದ್ರೆ ನಿನ್ನ ಬಾವಲಿ ಬಂದು ಎತ್ತುತ್ತಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ದಾರಿ ಹೇಳಿದ್ದು ಅಮ್ಮ: “ಬೆಳಕು ಬೇಕಿರೋದು ನನ್ನ ಕಾಲಿಗೆ, ಬೇಲಿಗಲ್ಲ ಕಣ್ರೀ.” ಈಗ ಮೆಟ್ಟಿಲ ಪಕ್ಕ ಮೊಣಕಾಲೆತ್ತರದಲ್ಲಿ ನೆಲ ನೋಡುವ ಪುಟ್ಟ ದೀಪವಿದೆ, ಯಾರಾದರೂ ನಡೆದರೆ ಮಾತ್ರ ಹೊತ್ತಿಕೊಳ್ಳುತ್ತದೆ.

ನಾಲ್ಕನೇ ರಾತ್ರಿ, ಹತ್ತೂವರೆಯ ಹೊತ್ತಿಗೆ, ಬೇಲಿಯ ನಮ್ಮ ಕಡೆಯಲ್ಲೇ ಆ ಸಿಳ್ಳೆ ಬಂತು. ದೀಪ ತೆಗೆದದ್ದಕ್ಕೋ, ಅಂದು ಮಳೆ ನಿಂತಿದ್ದಕ್ಕೋ, ಒಂದು ರಾತ್ರಿಯಿಂದ ಹೇಳಲಾಗದು. ಡಿಟೆಕ್ಟರ್ ವಾಪಸ್ ಕೊಡಲು ಇನ್ನೂ ಎರಡು ವಾರ ಇದೆ. ಅಪ್ಪ ದಿನಾ ರಾತ್ರಿ ಸ್ಲಿಪ್ಪರ್ ಹಾಕಿಕೊಂಡು ಬಂದು, “ಇವತ್ತು ಎಷ್ಟು?” ಅಂತ ಪಿಸುಗುಡುತ್ತಾರೆ.