ಹಿಂಡಿನ ದಿಕ್ಕು ಹುಡುಕುವ ಭೌತವಿಜ್ಞಾನ

ಸುಗ್ಗಿ ಮುಗಿದ ಮೇಲೆ ರೋಣ ತಾಲ್ಲೂಕಿನ ಜಕ್ಕಲಿ ಸೀಮೆಯ ಎರೆ ಹೊಲಗಳಿಗೆ ಕುರಿಗಳು ಇಳಿಯುತ್ತವೆ. ಗೊಬ್ಬರವಾಗಲೆಂದು ರೈತರೇ ಕುರಿಗಾರರನ್ನು ಕರೆದು ಹಿಂಡು ತರುಬಿಸುವುದೂ ಉಂಟು. ಹೊಲದಿಂದ ಹೊಲಕ್ಕೆ ಸಾಗುವಾಗ ಮುಂದೊಬ್ಬ, ಹಿಂದೊಬ್ಬ ಕುರಿಗಾರ. ನಡುವೆ ಸಿಕ್ಕ ಕುರಿಗೆ ಅವರಿಬ್ಬರೂ ಕಾಣರು. ಕಾಣುವುದು ಪಕ್ಕದ ಕುರಿಯ ಮೈ ಮಾತ್ರ. ಆದರೂ ನೂರಾರು ಕುರಿ ಒಂದೇ ದಿಕ್ಕಿಗೆ ಹೇಗೆ ಹೊರಳುತ್ತವೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದು ಸಂಶೋಧನೆಯ ವಿಷಯ. ಅಲ್ಲಿನ ಭೌತವಿಜ್ಞಾನ ವಿಭಾಗ 1933ರಲ್ಲಿ ಸಿ.ವಿ. ರಾಮನ್ ಅವರ ಮುಂದಾಳತ್ವದಲ್ಲಿ ಶುರುವಾದದ್ದು. ಸಾಂದ್ರ ದ್ರವ್ಯ ಮತ್ತು ಸಾಂಖ್ಯಿಕ ಭೌತವಿಜ್ಞಾನದ ಸಿದ್ಧಾಂತಿ ಶ್ರೀರಾಮ್ ರಾಮಸ್ವಾಮಿ ಅಲ್ಲಿ ‘ಸಕ್ರಿಯ ದ್ರವ್ಯ’ದ, ಅಂದರೆ ತಾವಾಗಿಯೇ ಚಲಿಸುವ ಕಣಗಳ ಸಮೂಹದ, ಗಣಿತವನ್ನು ಬೆಳೆಸಿದರು. ಕುರಿ, ಹಕ್ಕಿ, ಬ್ಯಾಕ್ಟೀರಿಯಾ, ಜೀವಕೋಶ ಎಲ್ಲವೂ ಇದರೊಳಗೆ ಬರುತ್ತವೆ.

ಸಿದ್ಧಾಂತಿಯ ಸಲಕರಣೆ ಕಾಗದ, ಪೆನ್ನು, ಕಂಪ್ಯೂಟರ್. ಕುರಿಯ ಉಣ್ಣೆ, ಹಸಿವು, ವಯಸ್ಸು ಎಲ್ಲವನ್ನೂ ಆತ ಬದಿಗಿಡುತ್ತಾನೆ. ಉಳಿಯುವುದು ಎರಡೇ: ಎಲ್ಲಿ ಎಷ್ಟು ಕುರಿ, ಅವುಗಳ ಮುಖ ಎತ್ತ. ಏನನ್ನು ಬಿಡಬಹುದೆಂದು ಅರಿಯುವುದೇ ಈ ವಿದ್ಯೆಯ ಅತಿ ಕಷ್ಟದ ಭಾಗ ಎಂದು ನನಗನ್ನಿಸುತ್ತದೆ.

ಸಮತಲದ ಮೇಲೆ ನಿಂತಲ್ಲೇ ತಿರುಗುವ, ದಿಕ್ಸೂಚಿಯಂಥ ಮುಳ್ಳುಗಳು ಅಕ್ಕಪಕ್ಕವನ್ನಷ್ಟೇ ನೋಡಿ ಹೊರಳಿದರೆ, ಹರಹು ಹೆಚ್ಚಿದಂತೆ ಶಾಖದ ಅಲುಗಾಟ ಅವುಗಳ ಒಮ್ಮುಖವನ್ನು ಕೆಡಿಸಿಬಿಡುತ್ತದೆ. ನಡೆಯುವ ಕಣಗಳ ಕಥೆ ಬೇರೆ. ಅವು ಒಮ್ಮುಖವಾಗಿ ಉಳಿಯಬಲ್ಲವೆಂದು 1995ರಲ್ಲಿ ಜಾನ್ ಟೋನರ್ ಮತ್ತು ಯುಹಾಯ್ ತು ತೋರಿಸಿದರು. ನಡೆಯುವ ಕಣಕ್ಕೆ ನೆರೆಹೊರೆ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ದಿಕ್ಕಿನ ಸುದ್ದಿ ದೂರ ಮುಟ್ಟುತ್ತದೆ.

2003ರಲ್ಲಿ ರಾಮಸ್ವಾಮಿ, ಅದಿತಿ ಸಿಂಹ ಮತ್ತು ಟೋನರ್ ಇನ್ನೊಂದು ವಿಚಿತ್ರವನ್ನು ಮುನ್ನುಡಿದರು. ಸಾಮಾನ್ಯ ಅನಿಲದಲ್ಲಿ ಒಂದು ಜಾಗದಲ್ಲಿ ಸರಾಸರಿ 10,000 ಕಣಗಳಿದ್ದರೆ ಏರುಪೇರು ಸುಮಾರು 100. ಸಾಲುಗೂಡಿದ ಸಕ್ರಿಯ ಕಡ್ಡಿಗಳಲ್ಲಾದರೋ ಏರುಪೇರು ಸರಾಸರಿಯ ಜೊತೆಜೊತೆಗೇ ಬೆಳೆಯುತ್ತದೆ. ಒಂದೆಡೆ ದಟ್ಟಣೆ, ಪಕ್ಕದಲ್ಲೇ ಬಯಲು. 2007ರಲ್ಲಿ ಅದುರುವ ತಟ್ಟೆಯ ಮೇಲಿನ ತಾಮ್ರದ ತುಂಡುಗಳಲ್ಲಿ ಇದು ಕಣ್ಣಿಗೇ ಕಂಡಿತು.

ನನಗೆ ಹೆಚ್ಚು ಪ್ರಿಯವಾದದ್ದು 2014ರ ಪ್ರಯೋಗ. ರಾಮಸ್ವಾಮಿ, ಪ್ರಯೋಗತಜ್ಞ ಅಜಯ್ ಸೂದ್ ಮತ್ತು ಅವರ ವಿದ್ಯಾರ್ಥಿಗಳು ಒಂದು ತುದಿ ಸಪೂರವಾದ ಪುಟ್ಟ ಹಿತ್ತಾಳೆ ಕಡ್ಡಿಗಳನ್ನು ಸಣ್ಣ ಗುಂಡುಗಳ ನಡುವೆ ಚೆಲ್ಲಿ ತಟ್ಟೆಯನ್ನು ಅದುರಿಸಿದರು. ಕಡ್ಡಿ ನಡೆಯುತ್ತದೆ, ಗುಂಡು ನಡೆಯದು. ಗುಂಡುಗಳು ಸಾಕಷ್ಟು ದಟ್ಟವಾದಾಗ, ದೂರ ದೂರವಿದ್ದ ಕೆಲವೇ ಕಡ್ಡಿಗಳು ಕೂಡ ಒಂದೇ ದಿಕ್ಕು ಹಿಡಿದವು. ಕಡ್ಡಿ ಗುಂಡುಗಳನ್ನು ಎಳೆಯುತ್ತದೆ, ಆ ಹರಿವು ಇನ್ನೊಂದು ಕಡ್ಡಿಯನ್ನು ತಿರುಗಿಸುತ್ತದೆ. ಕಣ್ಣಿಲ್ಲ, ಮಿದುಳಿಲ್ಲ, ಆದರೂ ಹಿಂಡು.

ಜಕ್ಕಲಿಯಿಂದ ರೋಣ, ಗದಗದ ಕಾಲೇಜಿಗೆ ಹೋಗಿ ಬಿಎಸ್‌ಸಿ ಓದುವ ಮಕ್ಕಳು ಒಂದು ವಿಷಯ ತಿಳಿದಿರಬೇಕು: ಬಿಎಸ್‌ಸಿ ನಂತರ ‘ಜಾಮ್’ ಎಂಬ ಪ್ರವೇಶ ಪರೀಕ್ಷೆ ಬರೆದು ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ನೇರವಾಗಿ ಸೇರಲು ದಾರಿ ಇದೆ. ವರ್ಷಕ್ಕೊಮ್ಮೆ ನಡೆಯುವ ‘ಓಪನ್ ಡೇ’ಯಂದು ಪ್ರಯೋಗಾಲಯಗಳ ಬಾಗಿಲು ಸಾರ್ವಜನಿಕರಿಗೂ ತೆರೆದಿರುತ್ತದೆ.